ಎಕ್ಸ್-ರೇ ಕೋಣೆಯಲ್ಲಿ ಒಂದು ಗುಪ್ತ ಮದುವೆ

ಹೋದ ತಿಂಗಳು ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ, ಹಾನಗಲ್ಲಿನ ನನ್ನ ಡೆಂಟಲ್ ಕ್ಲಿನಿಕ್ಕಿನ ಎಕ್ಸ್-ರೇ ಕೋಣೆಯಲ್ಲಿ ನಾನೊಂದು ಗುಪ್ತ ಮದುವೆ ಮಾಡಿಸಿದೆ.

ವಧು ರಾಜಕುಮಾರಿ. ವರ ಕುದುರೆ ವೈದ್ಯ. ಪುರೋಹಿತಳು ನಾನು. ರಾಜಕುಮಾರಿಯ ಜೊತೆ ನಿಶ್ಚಯವಾಗಿದ್ದ ಗಂಡು ಹೊರಗೆ ಪೇಶಂಟುಗಳ ಬೆಂಚಿನ ಮೇಲೆ ಕೂತು, ಹಲ್ಲುಜ್ಜುವ ಸರಿಯಾದ ಕ್ರಮದ ಪೋಸ್ಟರ್ ಓದುತ್ತಿದ್ದ.

ಗಾಬರಿಯಾಗಬೇಡಿ. ಇದು ಆಟ.

(ಐವತ್ತು ಹತ್ತಿರ ಬಂದವರು ಹೊಸದೊಂದು ಹವ್ಯಾಸ ಹಿಡಿಯಬೇಕು ಅಂತ ಇದೇ ಅಂಕಣದಲ್ಲಿ ನಿಮಗೆಲ್ಲ ಉಪದೇಶ ಮಾಡಿದ್ದೆ. ನೀವು ಹಿಡಿದಿರೋ ಇಲ್ಲವೋ ಗೊತ್ತಿಲ್ಲ. ನಾನು ಹಿಡಿದೆ, ಸಿಕ್ಕಿಬಿದ್ದೆ.)

ಆಟ ಹೀಗಿದೆ. ವಿನಾಯಕ ಅಂತ ಒಬ್ಬ ಇದ್ದಾನೆ, ಗೊಟಗೋಡಿ ಕಡೆಯವ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾನೆ. ಭಾನುವಾರ ಎಲ್ಲರೂ ನನ್ನ ಕ್ಲಿನಿಕ್ಕಿನಲ್ಲಿ ಸೇರುತ್ತೇವೆ, ಅವನು ಕತೆ ಹೇಳುತ್ತಾನೆ. ಹಳೆಯ ಕಾಲದ ಒಂದು ರಾಜ್ಯ. ಗುಡಿಯ ಕಂಬಗಳಲ್ಲಿ ಕೆತ್ತಿದ ಯಾಳಿಗಳಿಗೆ ಜೀವ ಬಂದು ಊರಿಗೆ ನುಗ್ಗುತ್ತಿವೆ. ನಾವು ಮೂವರು ಒಂದೊಂದು ಪಾತ್ರ. ನಮ್ಮ ಪಾತ್ರ ಏನು ಮಾಡುತ್ತದೆ ಅಂತ ನಾವು ಹೇಳಬೇಕು. ಅದು ಆಗುತ್ತದೋ ಇಲ್ಲವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಬೋರ್ಡ್ ಇಲ್ಲ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ.

"ಮತ್ತ ಆಡೂದ್ಯಾಕ?" ಅಂದರು ನನ್ನ ಯಜಮಾನರು. ಅವರು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು.

ರಾಜಕುಮಾರಿಯ ಪಾತ್ರ ಸ್ವಾತಿಯದು. ಹಿರೇಕೆರೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್, ಇಪ್ಪತ್ತಾರರ ಹುಡುಗಿ. ಪಕ್ಕದ ನಾಡಿನ ಮಂಡಲೇಶ್ವರ ಫಕ್ಕೀರೇಶ. ಸವಣೂರಿನವ, ವಯಸ್ಸು ಮೂವತ್ತೈದು, ಎಲೆಬಳ್ಳಿ ತೋಟವಿದೆ. ಆಟದಲ್ಲಿ ಅವನ ಬಳಿ ನಾನೂರು ಕುದುರೆ ಸವಾರರು. ಸವಣೂರಿನಲ್ಲಿ ಒಂದು ಬೈಕು. ನಾನು ರಾಜಗುರು. ನಮ್ಮ ಮನೆತನದಲ್ಲಿ ನಾಲ್ಕು ತಲೆಮಾರು ಶಾಸ್ತ್ರ ಓದಿದವರು, ನನ್ನ ಪಾಲಿಗೆ ಬಂದದ್ದು ಹಲ್ಲು ಕೀಳುವುದು. ಮಂಗಳಾಷ್ಟಕ ನನಗೆ ಬಾಯಿಪಾಠ. ಹೆಣ್ಣುಮಗಳ ಬಾಯಿಂದ ಅದನ್ನು ಮಂಟಪದಲ್ಲಿ ಅನ್ನಿಸುವವರು ಯಾರು?

ಇನ್ನು ಫಕ್ಕೀರೇಶನ ನಿಜವಾದ ಸಂಗತಿ ಹೇಳಬೇಕು.

ಎಂಟು ವರ್ಷದಿಂದ ಅವನು ಹೆಣ್ಣು ನೋಡುತ್ತಿದ್ದಾನೆ. ಕುಡಿಯುವುದಿಲ್ಲ, ಸಾಲವಿಲ್ಲ, ಮನೆಗೆ ಹೋದವರಿಗೆ ಅವಲಕ್ಕಿ ಒಗ್ಗರಣೆ ತಾನೇ ಮಾಡಿ ಹಾಕುತ್ತಾನೆ. ಆದರೆ ಸಂಬಳ ಬರುವ ನೌಕರಿಯಿಲ್ಲ. ಹೋದ ಮನೆಯಲ್ಲೆಲ್ಲ ಚಹಾ ಕೊಡುತ್ತಾರೆ, ತೋಟದ ಬಗ್ಗೆ ಕೇಳುತ್ತಾರೆ, ಬಾಗಿಲವರೆಗೆ ಬಂದು "ತಿಳಸ್ತೇವ್ರಿ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಯಾರೂ ಒಲ್ಲೆ ಅನ್ನುವುದಿಲ್ಲ. ನಮ್ಮ ಮಂದಿ ಭಾಳ ಮರ್ಯಾದಸ್ಥರು ನೋಡಿ, ಮುಖದ ಮೇಲೆ ಇಲ್ಲ ಅಂದರೆ ಪಾಪ ಹತ್ತುತ್ತದೆ. ಫೋನ್ ಎತ್ತದಿದ್ದರೆ ಹತ್ತುವುದಿಲ್ಲ.

ಇವನ ಪಾಡು ನೋಡಲಾಗದೆ ನಾನೇ ಒಂದು ಸಂಬಂಧ ಹೇಳಿದೆ. ಶಿಗ್ಗಾವಿಯ ನನ್ನ ಪೇಶಂಟೊಬ್ಬರ ಮಗಳು. ಹೋಗಿ ನೋಡಿ ಬಂದ. ಹದಿನೈದು ದಿನ ಬಿಟ್ಟು ಆ ತಾಯಿ ರೂಟ್ ಕೆನಾಲ್‌ಗೆ ಬಂದರು. ಕುರ್ಚಿಯಲ್ಲಿ ಒರಗಿದವರೇ, "ಹುಡುಗ ಬಂಗಾರದಂಥಾವ ರೀ ಬಾಯಾರ. ಆದ್ರ ನಮ್ಮಾಕಿಗೆ ನೌಕರಿದಾರನ ಬೇಕಂತ. ನೀವಾ ಒಂದ ಮಾತು ಹೇಳಿಬಿಡ್ರಿ" ಅಂದರು.

"ಆತು" ಅಂದೆ. ಇಂಜೆಕ್ಷನ್ ಕೊಟ್ಟೆ.

ಇದಾಗಿ ಮೂರು ತಿಂಗಳು ಕಳೆಯಿತು. ನಾನು ಹೇಳಿದೆನೇ? ಇಲ್ಲ. ಒಂದು ಭಾನುವಾರ ಅವನೇ, "ಶಿಗ್ಗಾವಿಯವರು ಏನರ ಅಂದ್ರೇನ್ರಿ?" ಅಂತ ಕೇಳಿದ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. "ವಿಚಾರ ಮಾಡ್ಲಿಕತ್ತಾರಂತ" ಅಂದೆ. ಆಮೇಲೆ ಅವನು ಕೇಳಲಿಲ್ಲ. ಕೇಳದೆ ಇದ್ದದ್ದು ನನಗೆ ಎಷ್ಟು ಅನುಕೂಲವಾಯಿತು ಅಂದರೆ, ಹೇಳಬೇಕಾದ ಮಾತೊಂದು ಬಾಕಿ ಇದೆ ಅನ್ನುವುದನ್ನೇ ಮರೆತೆ. (ಮರೆತಿರಲಿಲ್ಲ. ಅಂಕಣ ಬರೆಯುವಾಗ ಹಾಗನ್ನಿಸುತ್ತದೆ ಅಷ್ಟೆ.)

ಈಗ ಮತ್ತೆ ಆಟಕ್ಕೆ ಬನ್ನಿ.

ಯಾಳಿಗಳನ್ನು ತಡೆಯಲು ರಾಜಕುಮಾರಿಯ ಕಾಲಾಳು ಸಾಲದು, ಮಂಡಲೇಶ್ವರನ ಕುದುರೆಗಳೂ ಬೇಕು. ಎರಡು ಮನೆತನ ಒಂದಾಗಲು ಹಳೆಯ ಉಪಾಯ ಯಾವುದು? ಸ್ವಾತಿ ಒಪ್ಪಿದಳು. "ವೀಳ್ಯ ಬದಲಾಯಿಸಿಕೊಂಡರು ಅಂತ ಬರ್ಕೋತೇನಿ" ಅಂದ ವಿನಾಯಕ. ಆ ವಾರ ಅಷ್ಟೇ.

ಮುಂದಿನ ವಾರ ಫಕ್ಕೀರೇಶ ನಿಜವಾದ ಎಲೆ ತಂದ.

ಅವನದೇ ತೋಟದ್ದು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಎಲೆ, ಅಡಿಕೆ, ಸುಣ್ಣದ ಡಬ್ಬಿ. "ವೀಳ್ಯ ಅಂದ ಮ್ಯಾಲೆ ಬರೇ ಬಾಯಿಮಾತನ್ಯಾಗ ಹೆಂಗ್ರಿ?" ಅಂತ ನಕ್ಕ. ಎಲ್ಲರೂ ಹಾಕಿಕೊಂಡೆವು. ಸವಣೂರಿನ ಎಲೆ, ಕೇಳಬೇಕೇ? ನಾನು ಎರಡು ಹಾಕಿಕೊಂಡೆ. ಡೆಂಟಿಸ್ಟ್ ಅನ್ನುವುದು ಆಮೇಲೆ ನೆನಪಾಯಿತು.

ಎಲೆ-ಅಡಿಕೆ ಜಗಿದ ಮೇಲೆ ನಮ್ಮ ಕಡೆ ಮಾತು ಮುಗಿದ ಹಾಗೆ. ಆಟಕ್ಕೂ ಈ ನಿಯಮ ಹತ್ತುತ್ತದೆಯೇ ಅಂತ ಯಾರೂ ಕೇಳಲಿಲ್ಲ. ಬಾಯಿ ತುಂಬಿತ್ತು.

ಸ್ವಾತಿಗೆ ದಿಗಿಲು ಹತ್ತಿದ್ದು ಆವಾಗ. ಮುಂದಿನ ಭಾನುವಾರ ಅರ್ಧ ತಾಸು ಮೊದಲೇ ಬಂದಳು. "ಬಾಯಾರ, ನಂಗ ಈ ಮದುವಿ ಬ್ಯಾಡ್ರಿ. ಯಾವಾಗ್ಲೂ ಫಕ್ಕೀರೇಶಣ್ಣ, ಫಕ್ಕೀರೇಶಣ್ಣ ಅಂತ ಕರೀತೇನಿ. ಆಟದಾಗಾದ್ರೂ ಹೆಂಗ ಆಗ್ಲಿ?"

"ಹಂಗಂತ ಅವಂಗ ಹೇಳಿಬಿಡು."

"ಎಲಿ ಕಟ್ಗೊಂಡು ಬಂದಾನ್ರಿ! ಎದುರಿಗೆ ಹೆಂಗ ಹೇಳ್ಲಿ?"

ಹೀಗೆ ಆ ಗುಪ್ತ ಮದುವೆಯ ಉಪಾಯ ಹೊರಟಿತು. ರಾಜಕುಮಾರಿ ಬೇರೆ ಯಾರನ್ನಾದರೂ ಆಗಲೇ ಮದುವೆಯಾಗಿಬಿಟ್ಟರೆ? ಲಾಯದಲ್ಲಿ ಒಬ್ಬ ಕುದುರೆ ವೈದ್ಯನಿದ್ದ, ವಿನಾಯಕನೇ ಆಡಿಸುವ ಪಾತ್ರ. ಅವನೇ ಆದ. ಗುಟ್ಟಿನ ಸಂಗತಿಗಳಿಗೆ ಬೇರೆ ಕೋಣೆಗೆ ಹೋಗುವುದು ಆಟದ ಪದ್ಧತಿ. ನಾವು ಮೂವರು ಎಕ್ಸ್-ರೇ ಕೋಣೆಗೆ ಹೋದೆವು. ಅಂತರಪಟಕ್ಕೆ ಎಕ್ಸ್-ರೇ ತೆಗೆಯುವಾಗ ಹಾಕುವ ಸೀಸದ ಏಪ್ರನ್ ಹಿಡಿದೆವು. ಕಿರಣವೇ ದಾಟದ ಬಟ್ಟೆ, ವರನ ದೃಷ್ಟಿ ಏನು ದಾಟೀತು?

ನಾನು ಮಂಗಳಾಷ್ಟಕದ ಎಂಟೂ ಶ್ಲೋಕ ಹೇಳಿದೆ. ಮೆಲ್ಲಗೆ, ಆದರೆ ರಾಗವಾಗಿ. ಒಂದನ್ನೂ ಬಿಡಲಿಲ್ಲ. ಕಾಲುಂಗುರವನ್ನೂ ಹಾಕಿಸಿದೆ. "ಗುಪ್ತ ಮದುವಿಗೆ ಕಾಲುಂಗುರ ಯಾಕ್ರಿ?" ಅಂತ ವಿನಾಯಕ ಕೇಳಿದ. "ಶಾಸ್ತ್ರ ಅಂದ್ರ ಶಾಸ್ತ್ರ" ಅಂದೆ. ಖರೇ ಹೇಳುತ್ತೇನೆ, ಇಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಹೊರಗೆ ಬಂದಾಗ ಫಕ್ಕೀರೇಶ, "ಏನ್ ನಡದಿತ್ರಿ ಒಳಗ?" ಅಂದ.

"ರಾಜಕಾರಣ" ಅಂದೆ.

ಎರಡು ವಾರ ಗುಟ್ಟು ಉಳಿಯಿತು. ಮೂರನೆಯ ವಾರ, ಯುದ್ಧಕ್ಕೆ ಮೊದಲಿನ ಔತಣ. ರಾಜಕುಮಾರಿ ಪಲ್ಲಕ್ಕಿಯಿಂದ ಇಳಿದಳು. ವಿನಾಯಕ ದಾಳ ಉರುಳಿಸಿದ. ಒಂದು ಬಿತ್ತು. ಒಂದು ಅಂದರೆ ಆ ಆಟದಲ್ಲಿ ಇರುವ ದುರದೃಷ್ಟವೆಲ್ಲ ಒಟ್ಟಿಗೆ. ಕಾಲಿಗೆ ನೀರು ಹಾಕಲು ಬಂದ ದಾಸಿ ಬಗ್ಗಿದಳು, ಕಾಲುಂಗುರ ಕಂಡಳು.

ಅಲ್ಲಿಂದ ಶುರುವಾಯಿತು. ವಿನಾಯಕ ಒಂದೊಂದಾಗಿ ಓದಿದ, ತಹಶೀಲ್ದಾರರ ನೋಟೀಸು ಓದಿದ ಹಾಗೆ. ಕುದುರೆ ವೈದ್ಯನನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು ಗೊತ್ತಾಗದೆ ಅಡುಗೆಯವರು ಸೌಟು ಇಟ್ಟು ಹೊರಟರು. ರಾಜಕುಮಾರಿಯ ಸೋದರಮಾವ, ತನಗೆ ಹೇಳದ ಮದುವೆ ಮದುವೆಯೇ ಅಲ್ಲ ಅಂತ ಕೋಟೆಯ ಬಾಗಿಲು ಹಾಕಿಕೊಂಡ. ಇಬ್ಬರು ತಂಗಿಯರಿಗೆ ಬಂದಿದ್ದ ಸಂಬಂಧಗಳು ಹಿಂದಿರುಗಿದವು. ಕುದುರೆ ವೈದ್ಯನ ಬಳಿ ಈಗ ಯಾರೂ ಕುದುರೆ ತರುವುದಿಲ್ಲ. ಅರಮನೆಯ ಅಳಿಯನಿಗೆ ಕುದುರೆಯ ಬಾಯಿಗೆ ಕೈ ಹಾಕು ಅನ್ನುವುದು ಹೇಗೆ? ಇದೊಂದು ನನಗೆ ಭಾಳ ಕೆಡುಕೆನಿಸಿತು. ಒಂದೇ ಕಸುಬಿನವರು ನಾವು.

ಮದುವೆ ಮಾಡಿಸಿದ ರಾಜಗುರುವಿಗೆ ಏನಾಯಿತು? ಏನೂ ಆಗಲಿಲ್ಲ. ಅಂಥವರಿಗೆ ಎಲ್ಲ ಕಾಲದಲ್ಲೂ ಏನೂ ಆಗುವುದಿಲ್ಲ.

"ಮಂಡಲೇಶ್ವರ ಏನ್ ಮಾಡ್ತಾನ?" ವಿನಾಯಕ ದಾಳವನ್ನು ಫಕ್ಕೀರೇಶನ ಕಡೆ ಸರಿಸಿದ.

ನಾವೆಲ್ಲ ಯುದ್ಧಕ್ಕೆ ತಯಾರಾದೆವು. ಫಕ್ಕೀರೇಶ ದಾಳ ಮುಟ್ಟಲಿಲ್ಲ.

"ನಾ ಕುದುರಿ ಹಿಂದಕ್ಕ ಕರ್ಕೊಳ್ಳೂದಿಲ್ಲರಿ. ಯಾಳಿ ಬಂದ್ರ ಊರ ಮಂದಿ ಸಾಯ್ತಾರ. ಅವರದೇನ ತಪ್ಪೈತಿ?" ಅಂದ. "ನಂದೊಂದ ಮಾತೈತಿ. ಹುಡುಗಿಗೆ ಮನಸ್ಸಿದ್ದಿಲ್ಲಂದ್ರ ಬಾಯಿಬಿಟ್ಟು ಹೇಳಬಹುದಿತ್ತಲ್ಲ? ಒಲ್ಲೆ ಅಂದ್ರ ಮನಶ್ಯಾ ಏನ್ ಸಾಯೂದಿಲ್ಲ. ಹಾದಿ ಕಾಯೂದೈತೆಲ್ಲ, ಅದ ಭಾಳ ಕೆಟ್ಟ."

ಅವನು ಸ್ವಾತಿಯ ಕಡೆ ನೋಡಿ ಹೇಳಿದ್ದು. ಸ್ವಾತಿ "ತಪ್ಪಾತಣ್ಣ" ಅಂದಳು, ಕಣ್ಣು ಒರೆಸಿಕೊಂಡಳು. ಅವಳದು ಮುಗಿಯಿತು. ನನಗೆ ಮಾತ್ರ ಕಿವಿ ಬಿಸಿಯಾಗಿ, ನನ್ನದೇ ಕ್ಲಿನಿಕ್ಕಿನಲ್ಲಿ ಎಲ್ಲಿ ನೋಡಬೇಕು ತಿಳಿಯಲಿಲ್ಲ. ಪೋಸ್ಟರ್ ನೋಡಿದೆ.

ಆಟ ಮುಗಿದು ಎಲ್ಲರೂ ಹೊರಟರು. ಫಕ್ಕೀರೇಶ ಬೈಕಿನ ಬಳಿ ಹೋದ. ನಾನೂ ಹಿಂದೆಯೇ ಹೋದೆ.

"ಫಕ್ಕೀರೇಶ, ಶಿಗ್ಗಾವಿಯವರು ಒಲ್ಲೆ ಅಂದಾರ."

"ಯಾವಾಗ್ರಿ?"

"ಮೂರು ತಿಂಗಳಾತು."

ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಆಗಿದ್ದರೆ ಎಷ್ಟೋ ಚಲೋ ಇತ್ತು. ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ಸಿಕ್ಕಿಸಿದ, ಮತ್ತೆ ತೆಗೆದ.

"ಬಂಕಾಪುರದಾಗ ಒಬ್ಬಾಕಿ ಇದ್ಲರಿ" ಅಂದ.

"ಯಾರು?"

"ಅಂಗನವಾಡಿ ಟೀಚರ್ರು. ಗಂಡ ತೀರ್ಕೊಂಡಾನ, ಒಂದ ಹೆಣ್ಣ ಕೂಸೈತಿ. ಎರಡು ತಿಂಗಳ ಹಿಂದ ನೋಡಾಕ ಹೋಗಿದ್ದೆ. ಬ್ಯಾಸಗಿಯಾಗ ಎಲಿಬಳ್ಳಿಗೆ ನೀರು ಸಾಲ್ತಾವೇನ್ರಿ ಅಂತ ಆಕಿನ ಕೇಳಿದ್ಲು. ಸಾಲ್ತಾವು ಅಂದೆ. ಹಂಗಾರ ನಂಗ ಒಪ್ಪಿಗಿ ಐತಿ ಅಂದ್ಲರಿ. ಎದುರಿಗೇ ಅಂದ್ಲು." ಎಂಟು ವರ್ಷದಲ್ಲಿ ಅವನು ಕೇಳಿದ ಮೊದಲ ಹೂಂ ಅದು. ಹೇಳುವಾಗ ಮುಖ ಒಂದಿಷ್ಟು ಅರಳಿತು.

"ನೀ ಏನಂದಿ?"

"ತಿಳಸ್ತೇನಿ ಅಂದೆ."

"ಯಾಕೋ ಮಾರಾಯಾ!"

"ನಿಮ್ಮ ಮಾತು ನಡುವ ಇತ್ತಲ್ರಿ ಬಾಯಾರ. ಶಿಗ್ಗಾವಿಯವರ ಉತ್ತರ ಬರೂ ಮೊದ್ಲ ನಾ ಇಲ್ಲಿ ಹೂಂ ಅಂದ್ರ ನಿಮ್ಮ ಮಾತಿಗೆ ಕಿಮ್ಮತ್ತೇನ ಉಳೀತೈತಿ?"

ನನ್ನ ಮಾತಿನ ಕಿಮ್ಮತ್ತು! ಅವನು ಬಂಕಾಪುರಕ್ಕೆ ಹೋಗುವ ಹೊತ್ತಿಗೇ ಅದು ಸತ್ತು ಒಂದು ತಿಂಗಳಾಗಿತ್ತು. ಇವನು ಅದಕ್ಕೆ ಕಾವಲು ಕೂತಿದ್ದ.

"ಈಗ ಹೋಗು. ಹಾದಿ ಮ್ಯಾಲೆನ ಅದ ಬಂಕಾಪುರ. ಈಗಿಂದೀಗ ಹೋಗಿ ಹೂಂ ಅಂತ ಹೇಳು" ಅಂದೆ. ರಾಜಗುರುವಿನ ದನಿಯೇ ಬಂತು. ಅವನು ಅಂಗಿಯ ಕಾಲರ್ ಸರಿ ಮಾಡಿಕೊಂಡು ಬೈಕ್ ಹತ್ತಿದ. ಇನ್ನೂ ಬಿಸಿಲಿತ್ತು. ನಾನು ಕ್ಲಿನಿಕ್ಕಿನ ಬಾಗಿಲು ಹಾಕಿ, ಮನೆಗೆ ಬಂದು ದೇವರ ಮುಂದೆ ಒಂದು ದೀಪ ಹಚ್ಚಿದೆ. ಯಜಮಾನರು, "ಏನ್, ಇವತ್ತ ಗೆದ್ರೇನು?" ಅಂದರು.

ಸೋಮವಾರ ಬೆಳಿಗ್ಗೆ ಮೊದಲ ಪೇಶಂಟ್ ಕೂರುವ ಮೊದಲೇ ಫೋನ್ ಬಂತು.

"ಹೋಗಿದ್ದೆರಿ. ಮದುವ್ಯಾಗೇತಿ. ಹೋದ ಗುರುವಾರ. ಯಾದಿ ಮಾಡಾಕ ಬಂದವ್ರು ಅಲ್ಲೇ ಅಕ್ಕಿಕಾಳು ಹಾಕಿಸ್ಕೊಂಡು ಹೋದ್ರಂತ."

ಯಾದಿ ಮ್ಯಾಲೆ ಶಾದಿ. ಕೊಡು-ಕೊಳ್ಳುವುದರ ಪಟ್ಟಿ ಬರೆಯಲು ಬಂದವರು ಅದೇ ದಿನ ಮದುವೆಯನ್ನೂ ಮುಗಿಸಿಬಿಡುವುದು. ಖರ್ಚು ಕಡಿಮೆ ಅಂತ ನಾನೇ ಈ ಅಂಕಣದಲ್ಲಿ ಹೊಗಳಿ ಬರೆದಿದ್ದೆ.

"ಆಕಿ ತಾಯಿ ಚಾ ಕೊಟ್ರು. ಎರಡು ತಿಂಗಳ ನಿಮ್ಮ ಹಾದಿ ನೋಡಿದ್ವಿ ಅಂದ್ರು." ಅವನ ದನಿಯಲ್ಲಿ ಏನೂ ಇರಲಿಲ್ಲ. ಎಲೆಯ ದರ ಹೇಳಿದ ಹಾಗೆ ಹೇಳಿದ.

"ನಂದ ತಪ್ಪಾತೋ" ಅಂದೆ.

"ಇರ್ಲಿ ಬಿಡ್ರಿ. ನಾನೂ ತಿಳಸ್ತೇನಿ ಅಂದು ಕುಂತಿದ್ನೆಲ್ಲ" ಅಂದ.

ಮುಂದಿನ ಭಾನುವಾರ ಬಂದ. ನಾನೂರು ಕುದುರೆಗಳೂ ಬಂದವು. ಯಾಳಿಗಳು ಸೋತವು. ಸ್ವಾತಿ ಚಪ್ಪಾಳೆ ತಟ್ಟಿದಳು. ಆ ರಾಜ್ಯದಲ್ಲಿ ಈಗ ಎಲ್ಲ ಕ್ಷೇಮ. ಅಡುಗೆಯವರೂ ಮರಳಿ ಬಂದಿದ್ದಾರೆ.

ಬಂಕಾಪುರದ ಮದುವೆಯೂ ಗುಪ್ತವಾಗಿ ನಡೆಯಿತೇ ಅಂತ ನೀವು ಕೇಳಬಹುದು. ಇಲ್ಲ. ಹಾಡಹಗಲು ನಡೆಯಿತು, ಓಣಿಗೆಲ್ಲ ಊಟ ಹಾಕಿದರಂತೆ.

ಗೊತ್ತಿಲ್ಲದಿದ್ದವನು ಒಬ್ಬನೇ, ಅವನು ಸವಣೂರಿನಲ್ಲಿ ನನ್ನ ಉತ್ತರಕ್ಕೆ ಕಾಯುತ್ತಿದ್ದ.