ಹೋರಿಯ ಹೊಟ್ಟೆಯ ಫೋಟೋ

ನಾನು ಕ್ಯಾಮೆರಾ ಕೊಂಡದ್ದು ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ, ಸೋದರಮಾವನೊಬ್ಬನನ್ನು ಬಿಟ್ಟು. ಆಗ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸದಲ್ಲಿದ್ದೆ. ದಿನವಿಡೀ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕುವುದು, ಸಂಜೆ ಕಂಪನಿ ಬಸ್ಸಿನಲ್ಲಿ ರಾಯಕೋಟೆ ರಸ್ತೆಯ ನಮ್ಮೂರಿಗೆ ವಾಪಸ್ಸು. ಭಾನುವಾರ ಒಂದೇ ನನ್ನದು. ಆ ಭಾನುವಾರಗಳಲ್ಲಿ ಹೊಸೂರಿನ ಒಂದು ಹಳೆಯ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಯುವುದನ್ನು ಕಲಿಯುತ್ತಿದ್ದೆ.

ಸ್ಟುಡಿಯೋ ನಡೆಸುತ್ತಿದ್ದವರಿಗೆ ಐವತ್ತು ದಾಟಿತ್ತು. ಎಲ್ಲರೂ ಅವರನ್ನು ಸ್ಟುಡಿಯೋ ಅಣ್ಣ ಎನ್ನುತ್ತಿದ್ದರು. ಒಂದೇ ಮಾತಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಬಂದುಹೋಗುತ್ತಿದ್ದವು. ಅವರ ಪಾಠಕ್ಕಿಂತ ಕಥೆಗಳೇ ಹೆಚ್ಚು. ಮದುವೆಯೊಂದರಲ್ಲಿ ಧಾರೆ ಎರೆಯುವುದನ್ನು ಮೇಲಿನಿಂದ ತೆಗೆಯಲು ಚಪ್ಪರದ ಬೊಂಬು ಹತ್ತಿ, ಅದು ಮುರಿದು ಹೂವಿನ ಮೂಟೆಗಳ ಮೇಲೆ ಬಿದ್ದು ಕೈ ಮುರಿದುಕೊಂಡದ್ದು. ಕೃಷ್ಣಗಿರಿ ಅಣೆಕಟ್ಟಿನಲ್ಲಿ ನೀರು ಬಿಟ್ಟಾಗ ತಡೆಗೋಡೆಯ ಮೇಲೆ ನಿಂತು, ಸ್ನೇಹಿತನ ಕೈಗೆ ಬೆಲ್ಟು ಹಿಡಿಸಿ, ಮುಂದಕ್ಕೆ ಬಾಗಿದ್ದು. "ಕೈ ಮುರೀತು, ಆದ್ರೆ ಫೋಟೋ ಬಂತು" ಎಂದು ಮೊಣಕೈ ತೋರಿಸುತ್ತಿದ್ದರು. ನಾವು ಕಲಿಯುವವರೆಲ್ಲ ಆ ಮೊಣಕೈಯನ್ನು ಪದಕ ನೋಡಿದ ಹಾಗೆ ನೋಡುತ್ತಿದ್ದೆವು.

ಮಾವ ಅಮ್ಮನ ತಮ್ಮ. ಟೊಮ್ಯಾಟೊ, ಸೇವಂತಿಗೆ ಬೆಳೆಯುವವನು. ಆದರೆ ಅವನ ಜೀವವೆಲ್ಲ ಇದ್ದದ್ದು ಒಂದು ಬೂದು ಹೋರಿಯ ಮೇಲೆ. ಅದಕ್ಕೆ ನೆನೆಸಿದ ಹುರುಳಿ ಹಾಕಿ, ಕೆರೆಯಲ್ಲಿ ಈಜಿಸಿ, ವರ್ಷವಿಡೀ ಸಾಕುತ್ತಿದ್ದದ್ದು ಸಂಕ್ರಾಂತಿ ಆದಮೇಲೆ ಬರುವ ಎತ್ತು ಬಿಡೋ ಹಬ್ಬಕ್ಕಾಗಿ. ನಮ್ಮ ಕಡೆ ಊರ ಬೀದಿಯ ಎರಡೂ ಬದಿಗೆ ಬೊಂಬು ಕಟ್ಟಿ, ಒಂದೊಂದೇ ಹೋರಿಯನ್ನು ಓಡಬಿಡುತ್ತಾರೆ. ಕೊಂಬಿಗೆ ಬಣ್ಣದ ಕಾಗದದ ಚೌಕಟ್ಟು. ಈ ಗೆರೆಯಿಂದ ಆ ಗೆರೆಗೆ ಯಾವುದು ಕಡಿಮೆ ಹೊತ್ತಿನಲ್ಲಿ ಮುಟ್ಟುತ್ತದೋ ಅದಕ್ಕೆ ಬಹುಮಾನ.

ಒಂದು ದಿನ ಮಾವ ನನ್ನ ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಹೇಳಿದ: "ನನ್ ಹೋರಿ ಫೋಟೋನ ಎಲ್ಲಾರೂ ಅದು ಹೋದ್ಮೇಲೆ ತೆಗೀತಾರೆ. ಬಾಲ ಬುಟ್ರೆ ಏನೂ ಕಾಣಾಕಿಲ್ಲ. ನೀನು ಮುಂದ್ಗಡೆಯಿಂದ ತೆಗ್ದುಕೊಡು ಕಣಮ್ಮ."

ಮುಂದುಗಡೆಯಿಂದ ಎಂದನೇ ಹೊರತು ಕಾಲಡಿಯಿಂದ ಎನ್ನಲಿಲ್ಲ. ಅದು ನಾನೇ ಸೇರಿಸಿಕೊಂಡದ್ದು.

ಹಬ್ಬ ಪಕ್ಕದ ಊರಿನಲ್ಲಿತ್ತು. ಬೆಳಗಿನ ಹತ್ತಕ್ಕೆಲ್ಲ ಮಾಳಿಗೆಗಳು ತುಂಬಿಹೋಗಿದ್ದವು. ಹೆಂಗಸರೆಲ್ಲ ಮೇಲೆ, ಅಮ್ಮನೂ ಅಲ್ಲೇ. ಸ್ಟುಡಿಯೋ ಅಣ್ಣ ತಮ್ಮ ಹತ್ತು ಜೇಬಿನ ಅಂಗಿ ತೊಟ್ಟು ಬಂದಿದ್ದರು. ನಾವಿಬ್ಬರೂ ಬೀದಿಯ ತಿರುವಿನಲ್ಲಿ ಬೊಂಬಿನ ಹಿಂದೆ ಕುಳಿತೆವು. ಆದರೆ ಬೊಂಬಿನ ಸಂದಿಯಿಂದ ತೆಗೆದ ಫೋಟೋದಲ್ಲಿ ಬೊಂಬೇ ಹೆಚ್ಚು. ಕಾವಲಿನವರು ಆ ಕಡೆ ತಿರುಗಿದಾಗ ನಾನು ಕೆಳಗಿನಿಂದ ನುಸುಳಿ ಬೀದಿಯ ಅಂಚಿನಲ್ಲಿ ಬೋರಲು ಮಲಗಿದೆ. ಅಣ್ಣ "ಬೇಡಮ್ಮಾ" ಅಂದರು. ಆದರೆ ಅವರ ದನಿಯಲ್ಲಿ ಬೇಡ ಅನ್ನುವುದಕ್ಕಿಂತ ಸಂತೋಷವೇ ಹೆಚ್ಚಿದ್ದಂತೆ ನನಗೆ ಕೇಳಿಸಿತು.

ಮೊದಲು ಬಂದ ಹೋರಿ ಆಚೆ ಬದಿಯಲ್ಲಿ ಓಡಿಹೋಯಿತು. ಫೋಟೋ ಸೊಗಸಾಗಿ ಬಂತು. ಅಷ್ಟೇ ಸಾಕಾಯಿತು ನನ್ನ ತಲೆ ತಿರುಗಲು. ಮಾವನ ಹೋರಿ ಹತ್ತು ಹೆಜ್ಜೆ ದೂರ ಬರುವ ತನಕ ಕಾದು, ಫೋಟೋ ಹೊಡೆದು, ಉರುಳಿ ಬೊಂಬಿನಡಿ ಸೇರಿಕೊಳ್ಳುವುದು ಎಂದು ಲೆಕ್ಕ ಹಾಕಿದೆ.

ಆದರೆ ನಾನು ಹಾಕಿದ್ದದ್ದು ಅಗಲದ ಲೆನ್ಸು. ಅದರಲ್ಲಿ ಇಡೀ ಬೀದಿ ಹಿಡಿಸುತ್ತದೆ, ನಿಜ. ಆದರೆ ಹತ್ತಿರ ಇರುವುದೂ ದೂರ ಇದ್ದಂತೆ ಕಾಣುತ್ತದೆ. ಕೂದಲೆಳೆಯ ಅಳತೆ ಹಿಡಿಯುವ ನನಗೆ ಆ ಹೊತ್ತಿನಲ್ಲಿ ಅದೊಂದು ನೆನಪಾಗಲಿಲ್ಲ. ಮಾವನ ಹೋರಿ ಬಿಟ್ಟರು. ಲೆನ್ಸಿನೊಳಗೆ ಅದು ಆಟದ ಸಾಮಾನಿನಷ್ಟು ಚಿಕ್ಕದಾಗಿ, ಕೊಂಬಿನ ಮೇಲೆ ಹಸಿರು ಕೆಂಪು ಕಾಗದ ಹಾರಿಸುತ್ತಾ ಬರುತ್ತಿತ್ತು. ಇನ್ನೂ ದೂರವಿದೆ ಅಂದುಕೊಂಡೆ. ಮೊಣಕೈಯಡಿಯ ನೆಲ ಅದುರತೊಡಗಿತು. ತಲೆ ಎತ್ತಿದೆ. ಹೋರಿ ಮೂರು ಮಾರು ದೂರದಲ್ಲಿತ್ತು.

ಉರುಳಬೇಕೆಂದಿದ್ದೆನಲ್ಲ, ಅರ್ಧ ಉರುಳಿದೆ. ಅಂಗಾತ ಬಿದ್ದೆ. ಎದೆಯ ಮೇಲೆ ಕ್ಯಾಮೆರಾ, ಗುಂಡಿಯ ಮೇಲೆ ಬೆರಳು. ನೆರಳೊಂದು ಮುಖದ ಮೇಲೆ ಹಾದುಹೋಯಿತು. ಬೆವರು, ಸಗಣಿ, ಎಣ್ಣೆ ಎಲ್ಲ ಸೇರಿದ ಒಂದು ಬಿಸಿ ವಾಸನೆ. ಆಮೇಲೆ ಬರೀ ಆಕಾಶ.

ಇಡೀ ಬೀದಿಯಿಂದ ಕೂಗು ಎದ್ದಿತು. ಅಣ್ಣ ನನ್ನ ಎರಡೂ ರಟ್ಟೆ ಹಿಡಿದು ಬೊಂಬಿನ ಕೆಳಗೆ ಎಳೆದುಕೊಂಡರು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ನನಗೆ ನಗು ಬಂತು, ನಿಲ್ಲಲೇ ಇಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು, ಕಣ್ಣಲ್ಲಿ ನೀರು, ಆದರೂ ನಗುತ್ತಲೇ ಇದ್ದೆ. ಅಮ್ಮ ಮಾಳಿಗೆಯಿಂದ ಹೇಗೆ ಇಳಿದು ಬಂದಳೋ, ಬೆನ್ನ ಮೇಲೆ ಒಂದು ಬಿಟ್ಟಳು. "ಕೈ ತೋರ್ಸು, ಕಾಲ್ ತೋರ್ಸು, ಬಾಯ್ ತಗಿ" ಎಂದು ಎಲ್ಲ ನೋಡಿದಳು. ಎಲ್ಲ ಇದ್ದ ಕಡೆಯೇ ಇದೆ ಎಂದು ಗೊತ್ತಾದಮೇಲೆ ಇನ್ನೊಂದು ಬಿಟ್ಟಳು.

ಮಾವ ಬಂದದ್ದು ಕೊನೆಗೆ. ನನ್ನನ್ನು ದಾಟಿದ ಹೋರಿ ಗಾಬರಿಯಾಗಿ ತಿರುಗಿ, ಬೊಂಬಿಗೆ ಮೈ ತಾಗಿಸಿ, ನಡುಬೀದಿಯಲ್ಲಿ ನಿಂತುಬಿಟ್ಟಿತ್ತಂತೆ. ಬಹುಮಾನದ ಮಾತೇ ಇರಲಿಲ್ಲ. ಅದರ ನಾಲ್ಕೂ ಕಾಲನ್ನು ಒತ್ತಿ ಒತ್ತಿ ನೋಡಿಯೇ ಅವನು ನನ್ನ ಹತ್ತಿರ ಬಂದಿದ್ದ.

"ನಿಂಗೇನೂ ಆಗ್ನಿಲ್ಲ, ದ್ಯಾವ್ರು ದೊಡ್ಡೋನು. ಅದ್ರ ಕಾಲ್ ಮುರ್ದೋಗಿದ್ರೆ ಏನ್ ಮಾಡ್ತಿದ್ದೆ?"

ಅಲ್ಲಿಯತನಕ ಹೋರಿಯ ಕಾಲಿನ ಯೋಚನೆ ನನಗೆ ಒಂದು ಸಲವೂ ಬಂದಿರಲಿಲ್ಲ. ನಗು ನಿಂತುಹೋಯಿತು. ಮಾವ ಹೋರಿಯನ್ನು ಹಿಡಿದುಕೊಂಡು ಹೊರಟುಹೋದ. ಆಮೇಲೆ ನನ್ನೊಡನೆ ಮಾತು ಬಿಟ್ಟ.

ಮುಂದಿನ ಭಾನುವಾರ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಫೋಟೋ ನೋಡಿದೆವು. ಪರದೆಯ ತುಂಬ ಹೋರಿಯ ಹೊಟ್ಟೆ. ಸುತ್ತಲೂ ಗಾಳಿಯಲ್ಲಿ ನಾಲ್ಕು ಕಾಲು, ಹಿಂದೆ ನೀಲಿ ಆಕಾಶ, ಒಂದು ಮೂಲೆಯಲ್ಲಿ ಹಾರುವ ಬಣ್ಣದ ಕಾಗದ. ಕೆಳಗೆ ನನ್ನ ಕೆಂಪು ಬೂಟಿನ ತುದಿ. ಮೇಲಿನ ಅಂಚಿನಲ್ಲಿ, ಮಾಳಿಗೆಯ ಮೇಲೆ, ಎರಡೂ ಕೈ ತಲೆಯ ಮೇಲಿಟ್ಟು ಬಾಯಿ ತೆರೆದು ನಿಂತ ನಮ್ಮಮ್ಮ.

ಅಣ್ಣ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದರು. "ಫೋಕಸ್ ಇಲ್ಲ" ಅಂದರು. ಆಮೇಲೆ ಕುರ್ಚಿ ನನ್ನ ಕಡೆ ತಿರುಗಿಸಿದರು. "ಆ ಡ್ಯಾಮ್ ಫೋಟೋ ಕಥೆ ಹೇಳ್ತೀನಲ್ಲಮ್ಮ. ಅವತ್ತು ಗೋಡೆ ಮೇಲೆ ನಿಂತಾಗ ನನ್ ಪ್ಯಾಂಟು ಒದ್ದೆಯಾಗಿತ್ತು. ಡ್ಯಾಮ್ ನೀರಿಂದ ಅಲ್ಲ. ಅದನ್ನ ಯಾರಿಗೂ ಹೇಳಿಲ್ಲ. ಹೇಳಿದ್ದಿದ್ರೆ ನೀನು ಅಲ್ಲಿ ಮಲಗ್ತಿರ್ಲಿಲ್ಲವೇನೋ."

ಹಬ್ಬ ಕಳೆದು ತಿಂಗಳಾದ ಮೇಲೆ ಫೋಟೋದ ದೊಡ್ಡ ಪ್ರತಿ ತೆಗೆಸಿಕೊಂಡು ಮಾವನ ಮನೆಗೆ ಹೋದೆ. ಅವನು ಹೋರಿಗೆ ಮೈ ತೊಳೆಯುತ್ತಿದ್ದ. "ತಪ್ಪಾಯ್ತು ಮಾವ" ಎಂದು ಫೋಟೋ ಚಾಚಿದೆ. ಅವನು ಒದ್ದೆ ಕೈ ಒರೆಸಿಕೊಂಡು ತಲೆಕೆಳಗಾಗಿ ಹಿಡಿದ.

"ಇದೇನಿದು, ಗುಡಾಣನಾ?"

"ಹೊಟ್ಟೆ ಮಾವ. ನಿನ್ ಹೋರೀದು."

ಅವನು ಅದನ್ನು ತಿರುಗಿಸಿ ಹಿಡಿದು ಬೆರಳಿಟ್ಟು ಎಣಿಸತೊಡಗಿದ. "ಒಂದ್ ಕಾಲು, ಎಲ್ಡು, ಮೂರು, ನಾಕು." ಮತ್ತೆ ಎಣಿಸಿದ. "ನಾಕೂ ಮ್ಯಾಲದೆ! ಲೇ ಅಕ್ಕನ ಮಗ್ಳೇ, ನಾಕು ಕಾಲೂ ನೆಲಕ್ಕೆ ತಾಕಿಲ್ವಲ್ಲೇ!" ಫೋಟೋವನ್ನು ಹೋರಿಯ ಮೂತಿಗೆ ಹಿಡಿದು ತೋರಿಸಿದ. ಅದು ನಾಲಿಗೆ ಚಾಚಿ ನೆಕ್ಕಿಬಿಟ್ಟಿತು. ಮಾವ ನಗಲು ಶುರು ಮಾಡಿದ. ತಿಂಗಳು ಕಟ್ಟಿಟ್ಟ ಮಾತೆಲ್ಲ ಆ ಬೆಳಿಗ್ಗೆಯೇ ಹೊರಬಂತು.

ಮರುವರ್ಷ ಹಬ್ಬಕ್ಕೆ ಅವನು ಅದೇ ಫೋಟೋವನ್ನು ಫ್ಲೆಕ್ಸ್ ಬ್ಯಾನರ್ ಮಾಡಿಸಿದ. ಬ್ಯಾನರ್ ಅಂಗಡಿಯವನು "ಈ ಬೂಟು, ಈಯಮ್ಮನ್ನ ಅಳಿಸಿಬಿಡ್ಲಾ?" ಎಂದು ಕೇಳಿದ. "ಅವ್ರಿಬ್ರೂ ಇರ್ಲಿ ಸಾಮಿ" ಅಂದ ಮಾವ. "ಒಬ್ಳು ಬುದ್ಧಿ ಇಲ್ದೋಳು, ಒಬ್ಳು ಬುದ್ಧಿ ಇರೋಳು." ಊರಬಾಗಿಲಲ್ಲಿ ತನ್ನ ಬಾಯಿ ತೆರೆದ ಮುಖ ನೋಡಿ ಅಮ್ಮ ಬೈದಳು. ಆದರೆ ಅವತ್ತು ಅದೇ ದಾರಿಯಲ್ಲಿ ಮೂರು ಸಲ ಓಡಾಡಿದ್ದನ್ನು ನಾನು ನೋಡಿದೆ.

ಹಬ್ಬದ ದಿನ ಪಕ್ಕದೂರಿನ ಅದೇ ಬೀದಿಯಲ್ಲಿ ನಾನು ಮಾಳಿಗೆಯ ಮೇಲೆ ಜಾಗ ಹಿಡಿದೆ. ಅಲ್ಲಿಂದ ತಿರುವಿನ ಕಡೆ ನೋಡಿದೆ. ಮೂವರು ಯುವಕರು ಬೊಂಬು ದಾಟಿ ಬೀದಿಯ ಅಂಚಿನಲ್ಲಿ, ನಾನು ಮಲಗಿದ್ದ ಜಾಗದಲ್ಲೇ, ಮೊಬೈಲ್ ಹಿಡಿದು ಅಂಗಾತ ಮಲಗಿದ್ದರು. ಓಡಿ ಇಳಿದೆ, ಹಿಂದೆ ಅಮ್ಮ.

"ಏಳ್ರಪ್ಪಾ, ಬೊಂಬಿನ ಈಚೆ ಬನ್ನಿ" ಅಂದೆ.

ಒಬ್ಬನ ಮುಖ ಅರಳಿತು. "ಅಕ್ಕಾ, ಬ್ಯಾನರ್ ಫೋಟೋ ತೆಗ್ದೋರು ನೀವೇ ಅಲ್ವಾ? ನಾವೂ ಹಂಗೇ ತೆಗೀತೀವಿ."

"ಅವತ್ತು ನಾನು ಬದುಕಿದ್ದು ನನ್ನ ಜಾಣತನದಿಂದ ಅಲ್ಲ. ಹೋರಿ ಹಾರಿತು, ಅದಕ್ಕೆ."

"ನೀವ್ ಮಾತ್ರ ಮಾಡ್ಬೋದು, ನಾವ್ ಮಾಡ್ಬಾರ್ದಾ?"

ಅದಕ್ಕೆ ಉತ್ತರ ಕೊಟ್ಟದ್ದು ಅಮ್ಮ. ಯಾರದೋ ಬಾಗಿಲಲ್ಲಿದ್ದ ಕಡ್ಡಿ ಪೊರಕೆ ಎತ್ತಿಕೊಂಡು ಬಂದಿದ್ದಳು. "ಏಳ್ರಲಾ ಮ್ಯಾಕೆ! ನಿಮ್ ತಾಯಂದ್ರು ಯಾವ್ ಮಾಳಿಗೆ ಮ್ಯಾಲವ್ರೆ ತೋರ್ಸಿ, ಅವ್ರನ್ನೂ ಕರೀತೀನಿ!" ಆಮೇಲೆ ತಮಿಳಿನಲ್ಲೂ ಅದನ್ನೇ ಹೇಳಿದಳು, ಇನ್ನೂ ಜೋರಾಗಿ. ಪೊರಕೆಗೋ, ತಾಯಂದಿರ ಹೆಸರಿಗೋ, ಮೂವರೂ ಎದ್ದು ಬೊಂಬು ಹಾರಿ ಈಚೆ ಬಂದರು. ಅವರನ್ನು ಹಾಗೇ ಬಿಡಲು ಮನಸ್ಸು ಬರಲಿಲ್ಲ. ಮಾಳಿಗೆಗೆ ಕರೆದುಕೊಂಡು ಹೋಗಿ ನನ್ನ ಜಾಗದಲ್ಲಿ ಕೂರಿಸಿದೆ. ಅಗಲದ ಲೆನ್ಸಿನ ಮೋಸ ಹೇಳಿದೆ. ಪ್ಯಾಂಟಿನ ಕಥೆಯನ್ನೂ, ಯಾರದೆಂದು ಹೇಳದೆ, ಹೇಳಿದೆ. ಬಿದ್ದು ಬಿದ್ದು ನಕ್ಕರು.

ಮಾವನ ಹೋರಿ ಬಂತು. ಖಾಲಿ ಬೀದಿಯಲ್ಲಿ ಬಿಟ್ಟ ಬಾಣದಂತೆ ಹೋಯಿತು. ಮೇಲಿನಿಂದ ನೋಡಿದರೆ ಜನರ ಕೈಗಳೆಲ್ಲ ಅದು ಬಂದ ಕಡೆ ಎದ್ದು, ಹೋದ ಕಡೆ ಇಳಿಯುತ್ತಿದ್ದವು, ರಾಗಿ ಹೊಲದ ಮೇಲೆ ಗಾಳಿ ಹೋದ ಹಾಗೆ. ನಾನೂ ತೆಗೆದೆ, ಆ ಮೂವರೂ ತೆಗೆದರು. ಒಬ್ಬನದು ನನ್ನದಕ್ಕಿಂತ ಚೆನ್ನಾಗಿತ್ತು. ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ.

ಮೂರನೇ ಬಹುಮಾನ ಬಂತು: ಕನ್ನಡಿ ಇರುವ ಒಂದು ಕಬ್ಬಿಣದ ಬೀರು. ಅದನ್ನು ಟ್ರ್ಯಾಕ್ಟರಿಗೆ ಏರಿಸುವ ಮುಂಚೆ ಮಾವನಿಗೆ ಆಸೆಯಾಯಿತು. ತಾನು, ಹೋರಿ, ಬೀರು ಮೂವರದೂ ಒಂದು ಫೋಟೋ ಆಗಬೇಕು. ಹೋರಿಯನ್ನು ಬೀರುವಿನ ಮುಂದೆ ತಂದು ನಿಲ್ಲಿಸಿದ. ಹೋರಿ ಕನ್ನಡಿಯಲ್ಲಿ ಇನ್ನೊಂದು ಹೋರಿಯನ್ನು ಕಂಡಿತು. ಕಿವಿ ನೆಟ್ಟಗೆ ಮಾಡಿ, ಮೂಗಿನಿಂದ ಬುಸ್ಸೆಂದು, ತಲೆ ಬಗ್ಗಿಸಿತು. ಸುತ್ತ ನಿಂತವರೆಲ್ಲ ದಿಕ್ಕಾಪಾಲಾದರು. ನಾನು ಟ್ರ್ಯಾಕ್ಟರಿನ ಮೇಲೆ ಹತ್ತಿಕೊಂಡೆ. ಮಾವ ಹಗ್ಗ ಎಳೆಯುತ್ತಾ "ಅದು ನೀನೇ ಕಣೋ, ನೀನೇ ಕಣೋ" ಎಂದು ಅದಕ್ಕೆ ತಿಳಿಸಿ ಹೇಳುತ್ತಿದ್ದ. ಅಮ್ಮ ಯಾರದೋ ಹೆಗಲಿನ ಟವೆಲ್ ಕಿತ್ತುಕೊಂಡು ಕನ್ನಡಿಗೆ ಮುಚ್ಚಿದಳು. ಹೋರಿ ಸ್ವಲ್ಪ ಹೊತ್ತು ಟವೆಲನ್ನೇ ನೋಡಿ, ಗೆದ್ದೆ ಎಂಬಂತೆ ತಲೆ ಎತ್ತಿ, ಸಗಣಿ ಹಾಕಿತು.

ತಮಟೆ ಶುರುವಾಯಿತು. ಮುಂದೆ ಟವೆಲ್ ಹೊದ್ದ ಬೀರು, ಹಿಂದೆ ಹಾರ ಹಾಕಿಕೊಂಡ ಹೋರಿ, ಅದರ ಪಕ್ಕದಲ್ಲಿ ಕುಣಿಯುವ ಮಾವ, ಅವನನ್ನು ಬೈಯುತ್ತಾ ತಾನೂ ಹೆಜ್ಜೆ ಹಾಕುತ್ತಿದ್ದ ಅಮ್ಮ. ಹೀಗೇ ನಾವು ಮಟಮಟ ಮಧ್ಯಾಹ್ನ ಊರು ಸೇರಿದೆವು.