ಜೇವರ್ಗಿಯ ಅಂಬಿಗನ ಆಟ

ಆಳಂದದಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಆಧಾರ್ ತೋರಿಸಿದಾಗ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಟ್ಟ. ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಭೀಮೆಯ ಸೇತುವೆ ದಾಟಿ, ಬಿಸಿಲೇರುವ ಮೊದಲೇ ಜೇವರ್ಗಿ ಸೇರಿದೆ. ದಾರಿಯುದ್ದಕ್ಕೂ ತೊಗರಿ ಹೂಬಿಟ್ಟಿತ್ತು.

ತಂಗಿಯ ಮಗಳು ಶೋಭಾ ಅಲ್ಲಿ ವಕೀಲೆ. ಭಾನುವಾರ ಅವಳ ಮನೆಯಲ್ಲಿ ಗೆಳೆಯರು ಕೂಡಿ ಕಥೆಯಾಟ ಆಡುತ್ತಾರೆ. ಒಬ್ಬೊಬ್ಬರದೂ ಒಂದು ಪಾತ್ರ. ಕಥೆ ನಡೆಸುವವಳು ಶೋಭಾ. ಗಂಡಾಂತರ ಬಂದರೆ ದಾಳ ತೀರ್ಮಾನಿಸುತ್ತದೆ. ಅದನ್ನು ನೋಡಲೆಂದೇ ಹೋಗಿದ್ದೆ.

ಟೈರ್ ಅಂಗಡಿಯ ರೇವಣಸಿದ್ಧ ಎರಡು ವರ್ಷಗಳಿಂದ ಅಂಬಿಗ ಹಣಮಂತನಾಗಿ ಆಡುತ್ತಿದ್ದಾನೆ. ಹಣಮಂತ ಹುಟ್ಟು ಹಿಡಿಯುವ ಬಗೆಯೂ ಅವನಿಗೆ ಗೊತ್ತು. ಬ್ಯಾಂಕಿನ ನಸೀಮಾ ಬರುವುದು ಮಿರ್ಚಿ ಭಜಿಗೆ, ಹರಟೆಗೆ. ತನ್ನ ಪಾತ್ರಕ್ಕೆ ಹೆಸರನ್ನೂ ಇಟ್ಟಿರಲಿಲ್ಲ.

“ನಸೀಮಕ್ಕಾ, ಆಟ ನೋಡ್ರಿ. ಭಜಿ ಎಲ್ಲೂ ಓಡಿ ಹೋಗಂಗಿಲ್ಲ,” ಎಂದ ರೇವಣಸಿದ್ಧ.

“ಭಜಿ ಆರ್ತಾವಲೇ. ನಿನ್ನ ದೋಣಿ ಆರ್ತದೇನು?” ಎಂದಳು ನಸೀಮಾ.

ಕಥೆಯಲ್ಲಿ ಹೊಳೆಗೆ ನೆರೆ ಬಂತು, ಹಣಮಂತನ ದೋಣಿ ಮಗುಚಿತು. ಪ್ರಾಣಾಪಾಯದಲ್ಲಿರುವವರು ತಾವೇ ದಾಳ ಎಸೆಯುವಂತಿಲ್ಲ, ಎಡಕ್ಕೆ ಕುಳಿತವರು ಎಸೆಯಬೇಕು ಎಂಬುದು ಇವರ ಪದ್ಧತಿ. ನಸೀಮಾ ಕೈ ಒರೆಸಿಕೊಂಡು ಎಸೆದಳು. ಒಂದು ಬಿತ್ತು, ಅಂದರೆ ಹಣಮಂತ ಮುಳುಗಿದಂತೆಯೇ. ರೇವಣಸಿದ್ಧ ಕನ್ನಡಕ ತೆಗೆದು ಕೆಳಗಿಟ್ಟ.

“ನನ್ನ ಮನಷ್ಯಾ ಎಲ್ಲಿದಾನ?” ಎಂದು ನಸೀಮಾ ಕೇಳಿದಳು.

“ದಂಡೀ ಮ್ಯಾಲ,” ಎಂದಳು ಶೋಭಾ.

“ಹಾರ್ತಾನ.”

“ಅವಗ ಈಜು ಬರಂಗಿಲ್ರಿ. ಹಣಮಂತನ್ನ ದಂಡೀಗಿ ನೂಕಬಹುದು, ಆದ್ರ ತಾ ವಾಪಸ್ ಬರಂಗಿಲ್ಲ.”

“ದೋಸ್ತ ಮುಳುಗಾಕತ್ತಾನ, ಕುಂತು ನೋಡ್ಲೇನು? ನೂಕ್ತಾನ, ಬರಕೋ.”

ಹಣಮಂತ ಉಳಿದ. ಆದರೂ ರೇವಣಸಿದ್ಧ ಹಿಗ್ಗಲಿಲ್ಲ. “ಹೆಸರಿಲ್ದಂಗ ಕಳಸಬ್ಯಾಡ್ರಿ ಅಕ್ಕಾ,” ಎಂದು ಕೈಮುಗಿದ.

ನಸೀಮಾ ತಟ್ಟೆ ಬದಿಗೆ ಸರಿಸಿದಳು. “ಚಾಂದಸಾಬ,” ಎಂದಳು. ಎಲ್ಲರೂ ಎದ್ದು ನಿಂತರು. ನಾನೂ ನಿಂತೆ. ತಟ್ಟೆಯಲ್ಲಿ ಭಜಿ ಆರಿಹೋಗಿದ್ದವು.

ಸಂಜೆ ಕಲಬುರಗಿಯವರೆಗೆ ನಸೀಮಾ ಜೊತೆಗಿದ್ದಳು. ಬಸ್ಸು ಸೇತುವೆಗೆ ಬಂದಾಗ ಕಿಟಕಿ ಸರಿಸಿ ಕೆಳಗೆ ಬಗ್ಗಿದಳು.

“ಚಾಂದಸಾಬ ಎಲ್ಲಿ ಮುಳುಗಿರಬೇಕ್ರಿ ದೊಡ್ಡವ್ವಾ?”

ನಾನು ಹಿಂದಕ್ಕೆ ತಿರುಗಿ ನೀರು ಸುಳಿಯುವ ಜಾಗವನ್ನು ಸರಿಯಾಗಿ ನೋಡಿಕೊಂಡು, “ಅಗೋ, ಆ ಕಂಬದ ಬಾಜೂಕ,” ಎಂದೆ.