ಮದ್ದು ಹಾಕಿದವರು

ಪೊಳಲಿಯ ಹೊಳೆಬದಿಯ ಪೂವಕ್ಕನಿಗೆ ಎಡಗಾಲು ಇದ್ದೂ ಇಲ್ಲದ ಹಾಗೆ. ಮೂರು ವರ್ಷದವಳಿದ್ದಾಗ ಜ್ವರ ಬಂದು ಸೋತ ಕಾಲು ಆಮೇಲೆ ಬೆಳೆಯಲೇ ಇಲ್ಲ. ಕೂತಲ್ಲೇ ಬೀಡಿ ಕಟ್ಟಿ ಮಗಳು ಶಶಿಪ್ರಭಾಳನ್ನು ಸಾಕಿದಳು, ಮಡಂತ್ಯಾರಿಗೆ ಮದುವೆ ಮಾಡಿ ಕೊಟ್ಟಳು.

ಕಾಲಿಗೆ ಏನಾಯಿತೆಂದು ಯಾರಾದರೂ ಕೇಳಿದರೆ ಪೂವಕ್ಕ ಬೇಲಿಯ ಆಚೆ ನೋಡುತ್ತಿದ್ದಳು. ಅಲ್ಲಿ ಅವಳ ಅಪ್ಪನ ತಮ್ಮನ ಹೆಂಡತಿ ದೇಯಕ್ಕನ ಮನೆ. "ಚಿಕ್ಕಮ್ಮ ಮಜ್ಜಿಗೆಯಲ್ಲಿ ಮದ್ದು ಹಾಕಿದ್ದು" ಎಂದು ಅಮ್ಮ ಹೇಳಿದ ಮಾತನ್ನೇ ಹೇಳುತ್ತಿದ್ದಳು. ನಮ್ಮ ಕಡೆ ಮದ್ದು ಹಾಕುವುದೆಂದರೆ ಆಗದವರು ಅನ್ನ ನೀರಿನಲ್ಲಿ ಕದ್ದು ಬೆರೆಸುವ ಕೈಮದ್ದು. ಪೂವಕ್ಕನ ಕಾಲು ಸೋತ ತಿಂಗಳೇ ಚಿಕ್ಕಮ್ಮನ ಒಬ್ಬನೇ ಮಗ ಜ್ವರ ಬಂದು ತೀರಿಕೊಂಡ. "ಹಾಕಿದ್ದು ತಿರುಗಿ ಹೊಡೆಯಿತು!" ಎಂದು ಅಮ್ಮ ಅಂಗಳದಲ್ಲಿ ನಿಂತು ಕೂಗಿದ್ದಳಂತೆ. ಅಲ್ಲಿಂದ ಆ ಮನೆಯ ಒಂದು ಗುಟುಕು ನೀರು ಇವರ ಗಂಟಲಲ್ಲಿ ಇಳಿಯಲಿಲ್ಲ.

ಪೋಲಿಯೋ ಭಾನುವಾರಗಳು ಶುರುವಾದ ಹೊಸತು. ಶಶಿಪ್ರಭಾ ಬಾಣಂತನಕ್ಕೆ ಬಂದಿದ್ದಳು. ಎಷ್ಟೋ ವರ್ಷ ಹರಕೆ ಹೊತ್ತ ಮೇಲೆ ಹುಟ್ಟಿದ ಮಗು, ಸಾತ್ವಿಕಾ. ರಸ್ತೆಯಲ್ಲಿ ಮೈಕ್ ಕಟ್ಟಿದ ರಿಕ್ಷಾ ಕೂಗುತ್ತಾ ಹೋಯಿತು: "ಚಿಕ್ಕ ಮಕ್ಕಳಿಗೆಲ್ಲ ಮದ್ದು ಹಾಕಲಾಗುವುದು, ತಪ್ಪದೆ ಕರೆತನ್ನಿ!"

ಪೂವಕ್ಕನ ಕೈ ಬೀಡಿಯ ಮೇಲೆಯೇ ನಿಂತಿತು.

"ಮೈಕ್ ಕಟ್ಟಿ ಮದ್ದು ಹಾಕ್ತಾರಾ!"

"ಅಮ್ಮಾ, ಅದು ಸರಕಾರದ್ದು. ಪುಕ್ಕಟೆ."

"ಅದೇ ಹೇಳಿದ್ದು ಮಾರಾಯ್ತಿ. ನೀರಿನ ಯೋಜನೆಯ ಬೋರ್ಡ್ ಹಾಕಿ ಮೂರು ವರ್ಷವಾದರೂ ನಳ್ಳಿಯಲ್ಲಿ ನೀರು ಕೊಡದ ಸರಕಾರಕ್ಕೆ ನಿನ್ನ ಮಗುವಿನ ಮೇಲೆ ಎಂಥ ಪ್ರೀತಿ?"

ಶಶಿಪ್ರಭಾ ನಕ್ಕಳು. ಆದರೂ ಅಮ್ಮನ ಮಾತು ಮೀರಲಿಲ್ಲ, ಮಗುವನ್ನು ಕರೆದುಕೊಂಡು ಹೋಗಲಿಲ್ಲ.

ಮರುದಿನ ಸರಕಾರಿ ಆಸ್ಪತ್ರೆಯ ಜಸೀಲಾ ಸಿಸ್ಟರ್ ಮದ್ದಿನ ಪೆಟ್ಟಿಗೆ ಹಿಡಿದು ಮನೆಗೇ ಬಂದರು.

"ಇದರಿಂದ ಮಗುವಿಗೆ ಏನೂ ಆಗುವುದಿಲ್ಲ ಅಂತ ಆಣೆ ಹಾಕ್ತೀರಾ?" ಪೂವಕ್ಕ ನೇರವಾಗಿ ಕೇಳಿದಳು.

"ಆಣೆ ಹಾಕುವುದಿಲ್ಲ ಪೂವಕ್ಕ. ಲಕ್ಷಗಟ್ಟಲೆ ಮಕ್ಕಳಲ್ಲಿ ಎಲ್ಲೋ ಒಂದಕ್ಕೆ ತೊಂದರೆ ಆದದ್ದು ಉಂಟಂತೆ."

"ಆ ಒಂದು ನಮ್ಮದೇ ಆದರೆ?"

"ಹಾಕದಿದ್ದರೆ ಏನಾಗ್ತದೆ ಅಂತಲೂ ಲೆಕ್ಕ ಹಾಕಬೇಕಲ್ಲ?" ಸಿಸ್ಟರ್ ಅವಳ ಕಾಲನ್ನೇ ನೋಡುತ್ತಿದ್ದರು. "ನಿಮ್ಮದು ಪೋಲಿಯೋ ಅಲ್ವಾ? ಜ್ವರ ಬಂದ ಮೇಲೆ ಕಾಲು ಸೋತದ್ದು?"

"ಇದು ಮಜ್ಜಿಗೆಯಲ್ಲಿ ಹಾಕಿದ್ದು."

"ಯಾರು ಹೇಳಿದ್ದು ನಿಮಗೆ? ಇದು ಹೊಲಸು ನೀರಿನಲ್ಲಿ ಬರುವ ಕಾಯಿಲೆ. ಯಾರೂ ಹಾಕುವುದಲ್ಲ. ಇಂಥ ಕಾಲು ನಾನು ಎಷ್ಟು ನೋಡಿಲ್ಲ!"

ಪೂವಕ್ಕ ಬೇಲಿಯ ಆಚೆ ನೋಡಿದಳು. ಮೆಲ್ಲಗೆ ಕೇಳಿದಳು: "ಇದರಲ್ಲಿ ಮಕ್ಕಳು ಸಾಯುವುದೂ ಉಂಟಾ?"

"ಉಂಟು. ಕಾಲಿನ ಬದಲು ಎದೆಗೆ ಹಿಡಿದರೆ ಉಸಿರು ಕಟ್ಟುತ್ತದೆ. ಒಂದೇ ಕಡೆ ಆಡುವ ಮಕ್ಕಳಿಗೆ ಒಟ್ಟಿಗೆ ಬರ್ತದೆ. ಯಾಕೆ, ಯಾರಿಗಾದರೂ ಆಗಿತ್ತಾ?"

ಮಡಿಲಲ್ಲಿದ್ದ ಮೊರ ಜಾರಿ ಹೊಗೆಸೊಪ್ಪು ನೆಲದ ತುಂಬ ಚೆಲ್ಲಿತು. ಅವಳು ಅದನ್ನು ನೋಡಲೂ ಇಲ್ಲ. ಒಂದೇ ಅಂಗಳದಲ್ಲಿ ಆಡಿದ ಇಬ್ಬರು ಮಕ್ಕಳು. ಒಬ್ಬಳ ಕಾಲು ಹೋಯಿತು, ಒಬ್ಬನ ಉಸಿರೇ ಹೋಯಿತು. ಮಗನನ್ನು ಮಣ್ಣು ಮಾಡಿ ಬಂದ ಹೆಂಗಸಿಗೆ ಅಮ್ಮ ಬೇಲಿಯ ಈಚೆಯಿಂದ ಏನು ಕೂಗಿ ಹೇಳಿದ್ದಳು, ದೇವರೇ!

"ಹಾಕಿ ಸಿಸ್ಟರ್, ಮದ್ದು ಹಾಕಿ" ಎಂದಳು. ಆ ಮಾತು ಅವಳ ಕಿವಿಗೇ ಹೊಸತಾಗಿ ಕೇಳಿತು. ಸಾತ್ವಿಕಾ ಎರಡು ಹನಿ ಚಪ್ಪರಿಸಿ ಮುಖ ಕಿವುಚಿತು.

ಪೂವಕ್ಕ ಕೋಲೂರಿ ಎದ್ದಳು. ಬೇಲಿಯ ಮುಳ್ಳು ಸರಿಸಿ ಆಚೆ ದಾಟಿದಳು. ಜಗಲಿಯಲ್ಲಿ ಕೂತಿದ್ದ ದೇಯಕ್ಕ, ಮುದಿ ಕಣ್ಣಿಗೆ ಕೈ ಅಡ್ಡ ಹಿಡಿದು, "ಯಾರದು?" ಎಂದಳು.

"ನಾನು ಚಿಕ್ಕಮ್ಮ, ಬೇಲಿಯಾಚೆಯ ಪೂವಮ್ಮ. ಒಂದು ಲೋಟ ಮಜ್ಜಿಗೆ ಉಂಟಾ?"

ಮುದುಕಿ ಬಹಳ ಹೊತ್ತು ಅವಳ ಕಾಲನ್ನೇ ನೋಡಿದಳು.

"ಇಲ್ಲ ಮಗಾ," ಎಂದಳು. "ಅವತ್ತಿನಿಂದ ಈ ಮನೆಯಲ್ಲಿ ನಾನು ಮಜ್ಜಿಗೆ ಕಡೆದದ್ದೇ ಇಲ್ಲ."